ಪಂಚಾಕ್ಷರಿಯ ಗಟ್ಟಿಮೇಳ

ಪಂಚಾಕ್ಷರಿಯ ಮದುವೆ ವಾಷಿಂಗ್ ಮೆಷಿನ್ನಿನಲ್ಲಿ ಮುಳುಗಿ ಹೋದದ್ದು ಒಂದು ಗುರುವಾರ ಬೆಳಗ್ಗೆ ಏಳೂ ಕಾಲಿಗೆ.

ಗಾಬರಿಪಡುವಂಥದ್ದೇನೂ ಇಲ್ಲ. ಹೆಂಡತಿ ಸುಮತಿ ಗುಂಡುಕಲ್ಲಿನ ಹಾಗೆ ಚೆನ್ನಾಗಿಯೇ ಇದ್ದಳು. ಮೆಷಿನ್ನಿನ ಗುಂಡಿ ಒತ್ತಿದವಳೇ ಅವಳು. ಮುಳುಗಿದ್ದು ಮದುವೆಯ ವಾಲಗ. ಆರು ವರ್ಷದ ಹಿಂದೆ ಮೈಸೂರಿನಲ್ಲಿ ನಡೆದ ತಮ್ಮ ಮದುವೆಯ ವಿಡಿಯೊದಿಂದ ಪಂಚಾಕ್ಷರಿ ಬರೀ ಶಬ್ದವನ್ನು ತೆಗೆದು, ಬೆಂಕಿಪೊಟ್ಟಣದಷ್ಟು ಪುಟ್ಟ ಮ್ಯೂಸಿಕ್ ಪ್ಲೇಯರಿಗೆ ತುಂಬಿಸಿಕೊಂಡಿದ್ದ. ಎರಡೂವರೆ ಗಂಟೆಯ ನಾಗಸ್ವರ, ಡೋಲು, ಹಿನ್ನೆಲೆಯಲ್ಲಿ ನೆಂಟರ ಗದ್ದಲ. ಆ ಪ್ಲೇಯರು ಇಯರ್‌ಫೋನಿನ ಸಮೇತ ಅಂಗಿಯ ಜೇಬಿನಲ್ಲಿ ಉಳಿದು, ಅಂಗಿ ಬುಟ್ಟಿಗೆ ಬಿದ್ದು, ಬುಟ್ಟಿ ಮೆಷಿನ್ನಿಗೆ ಬಿದ್ದು, ಆಸ್ಟ್ರೇಲಿಯಾದ ಅಡಿಲೇಡಿನ ಕಿಲ್ಬರ್ನ್ ಬಡಾವಣೆಯ ಬಾಡಿಗೆ ಮನೆಯಲ್ಲಿ ನಲವತ್ತು ನಿಮಿಷ ಸೋಪಿನ ನೀರಲ್ಲಿ ಗಿರಗಿರ ತಿರುಗಿತ್ತು.

"ಜೇಬು ನೋಡದೆ ಹಾಕಿದ್ದು ನೀವು," ಎಂದಳು ಸುಮತಿ. ಆಮೇಲೆ ಗಂಡನ ಮುಖ ನೋಡಿ ದನಿ ಮೆತ್ತಗೆ ಮಾಡಿದಳು. "ಇಷ್ಟೊಂದು ಬೇಜಾರಾ? ನಮ್ಮ ಮದ್ವೆ ಮೇಲೆ ನಿಮಗೆ ಅಷ್ಟು ಪ್ರೀತಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಪಂಚಾಕ್ಷರಿ ಒದ್ದೆ ಪ್ಲೇಯರನ್ನು ಟವೆಲ್ಲಿನಲ್ಲಿ ಒರೆಸತೊಡಗಿದ. ಹೆಂಡತಿಯ ಕೆಲವು ತಪ್ಪು ತಿಳಿವಳಿಕೆಗಳನ್ನು ತಿದ್ದದೆ ಬಿಡುವುದೇ ಕ್ಷೇಮ ಎಂಬುದನ್ನು ಅವನು ಆರು ವರ್ಷದಲ್ಲಿ ಕಲಿತಿದ್ದ.

ನಿಜ ಬೇರೆ ಇತ್ತು. ಪಂಚಾಕ್ಷರಿ ಹುಟ್ಟಿ ಬೆಳೆದದ್ದು ಮೈಸೂರಿನ ಒಂದು ಕಲ್ಯಾಣ ಮಂಟಪದ ಗೋಡೆಗೆ ಗೋಡೆ ಹೊಂದಿಕೊಂಡ ಮನೆಯಲ್ಲಿ. ಮಗ್ಗಿ ಬಾಯಿಪಾಠ ಮಾಡಿದ್ದು ವಾಲಗಕ್ಕೆ, ಬೀಜಗಣಿತ ತಲೆಗೆ ಹತ್ತಿದ್ದು ಡೋಲಿನ ಪೆಟ್ಟಿಗೆ. ಪಕ್ಕದಲ್ಲಿ ಮುನ್ನೂರು ಜನ ಒಟ್ಟಿಗೆ ಮಾತಾಡುತ್ತಿದ್ದರೆ ಮಾತ್ರ ಅವನ ತಲೆಯೊಳಗೆ ಶಾಂತಿ ನೆಲೆಸುತ್ತಿತ್ತು. ಆಷಾಢದಲ್ಲಿ ಮದುವೆಗಳಿಲ್ಲ, ಆಷಾಢದಲ್ಲಿ ನಡೆದ ಟೆಸ್ಟುಗಳಲ್ಲೆಲ್ಲ ಅವನು ಫೇಲು. ಮೇಷ್ಟರು ಇದನ್ನು ಗ್ರಹಚಾರ ಎಂದರು, ಅಪ್ಪ ಸೋಮಾರಿತನ ಎಂದರು. ಪಂಚಾಂಗ ಎಂದು ಯಾರಿಗೂ ಹೊಳೆಯಲಿಲ್ಲ.

ಈ ಓದಿನ ಜೊತೆಗೆ ಇನ್ನೊಂದು ಅಭ್ಯಾಸವೂ ಅಂಟಿಕೊಂಡಿತ್ತು. ಪುರೋಹಿತರು "ಗಟ್ಟಿಮೇಳ" ಎಂದು ಕೂಗಿದ ಕೂಡಲೇ ಹುಡುಗ ಪಂಚಾಕ್ಷರಿ ಹಿಂಬಾಗಿಲಿನಿಂದ ಮಂಟಪಕ್ಕೆ ನುಗ್ಗಿ, ಯಾರದೋ ತಟ್ಟೆಯಿಂದ ಅಕ್ಷತೆ ಹಿಡಿದು, ಯಾವ ಗಂಡು ಯಾವ ಹೆಣ್ಣು ಎಂದು ವಿಚಾರಿಸದೆ ಎರಚಿ, ಮೊದಲ ಪಂಕ್ತಿಯ ಊಟಕ್ಕೆ ಕೂತುಬಿಡುತ್ತಿದ್ದ. ಹದಿನೈದು ವರ್ಷ ಹೀಗೆ ನಡೆದ ಮೇಲೆ ಕೈ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಗಟ್ಟಿಮೇಳ ಕೇಳಿದರೆ ಬಲಗೈ ತಾನಾಗಿ ಮೇಲೇಳುವುದು, ಬೆರಳು ತಾನಾಗಿ ಬಿಚ್ಚಿಕೊಳ್ಳುವುದು. ಬೆಂಗಳೂರಿನ ಆಫೀಸಿನಲ್ಲಿ ಒಮ್ಮೆ ಹೀಗಾಗಿ ಪೆನ್ ಡ್ರೈವೊಂದು ಆರನೇ ಮಹಡಿಯ ಕಿಟಕಿಯಿಂದ ಹಾರಿಹೋದ ಮೇಲೆ, ಅವನು ತನ್ನ ಮದುವೆಯ ರೆಕಾರ್ಡಿಂಗಿನಿಂದ ಆ ಮೂರು ನಿಮಿಷವನ್ನು ಕತ್ತರಿಸಿ ಎಸೆದಿದ್ದ. ತಾಳಿ ಕಟ್ಟುವ ಹೊತ್ತೊಂದೇ ಇಲ್ಲದ ಮದುವೆ ಅದು. ಸುಮತಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ.

ಆ ಗುರುವಾರವೇ ಇದು ನೀರು ಪಾಲಾಗಬೇಕಿತ್ತೆ? ಅವತ್ತು ಅವನ ಆರು ತಿಂಗಳ ಪ್ರೊಬೇಷನ್ನಿನ ಕೊನೆಯ ದಿನ. ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಗ್ರೇಮ್ ಕರೆದು, ಕೆಲಸ ಖಾಯಂ ಎಂದೋ ಹೋಗಿ ಬಾ ಎಂದೋ ಹೇಳುವವನಿದ್ದ. ಕೆಲಸ ಹೋದರೆ ಅದಕ್ಕೆ ಗಂಟುಹಾಕಿದ ವೀಸಾ ಹೋಗುತ್ತದೆ. ವೀಸಾ ಹೋದರೆ ಸುಮತಿ ಮೊನ್ನೆ ಮೊನ್ನೆ ಸೇರಿದ ನರ್ಸಿಂಗ್ ಕೋರ್ಸು ಹೋಗುತ್ತದೆ. ಅದು ಹೋದರೆ ಪಂಚಾಕ್ಷರಿ ಎಲ್ಲಿಗೆ ಹೋಗಬೇಕೆಂದು ಸುಮತಿಯೇ ತೀರ್ಮಾನಿಸುತ್ತಾಳೆ. ಅದಕ್ಕೂ ಮೊದಲು, ಮೂರು ಗಂಟೆಯೊಳಗೆ, ಬ್ರಿಸ್ಬೇನಿನ ಒಂದು ಆಸ್ಪತ್ರೆಗೆ ಟೆಸ್ಟ್ ರಿಪೋರ್ಟ್ ಕಳಿಸಬೇಕಿತ್ತು. ಅರವತ್ತು ಟೆಸ್ಟುಗಳು, ಎಲ್ಲವೂ ಅವನೊಬ್ಬನ ತಲೆಯ ಮೇಲೆ.

ಅವನು ಕೆಲಸ ಮಾಡುತ್ತಿದ್ದದ್ದು ಮಾಸನ್ ಲೇಕ್ಸ್ ಬಡಾವಣೆಯಲ್ಲಿ, ಜನರ ಕಿವಿ ಕೇಳುತ್ತದೋ ಇಲ್ಲವೋ ಪರೀಕ್ಷಿಸುವ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ. ಕಿವಿಯ ಕಂಪನಿಯಾದ್ದರಿಂದಲೋ ಏನೋ ಅಲ್ಲಿ ಸದ್ದೆಂದರೆ ಮೈಲಿಗೆ. ಸೀನಿದವನು ಮೊದಲು ಸಾರಿ ಹೇಳಿ ಆಮೇಲೆ ಮೂಗು ಒರೆಸಿಕೊಳ್ಳುತ್ತಿದ್ದ. ಎಲ್ಲರ ಕಿವಿಗೂ ಹೆಡ್‌ಫೋನ್. ಪಕ್ಕದ ಗ್ಯಾವಿನ್ ತಿಂಗಳಿಗಿಷ್ಟು ಎಂದು ಚಂದಾ ಕೊಟ್ಟು ದಿನವಿಡೀ ಸಮುದ್ರದ ಅಲೆಯ ಸದ್ದು ಕೇಳುತ್ತಿದ್ದ. ನಿಜವಾದ ಸಮುದ್ರ ಅರ್ಧ ಗಂಟೆ ದೂರದಲ್ಲಿ ಬಿಟ್ಟಿ ಬಿದ್ದಿತ್ತು. ಬೆಂಗಳೂರಿನಲ್ಲಿ ಹನಿ ಬಿದ್ದರೆ ಕಾರ್ಪೊರೇಷನ್ನಿಗೆ ಶಾಪ ಹಾಕುತ್ತಿದ್ದ ಮಾಲವಿಕಾ ಇಲ್ಲಿ ಮಳೆಯ ರೆಕಾರ್ಡಿಂಗ್ ಹಾಕಿಕೊಂಡು ಕೋಡ್ ಬರೆಯುತ್ತಿದ್ದಳು. ಹೆಡ್‌ಫೋನ್ ಇಲ್ಲದವನು ಗಣಪತಿ ಒಬ್ಬನೇ. ಅವನು ಹತ್ತು ದಿನದ ಮೌನ ಶಿಬಿರಕ್ಕೆ ಎರಡು ಸಲ ಹೋಗಿ ಬಂದವನು. ಮೌನದ ಮಹಿಮೆಯ ಬಗ್ಗೆ ಎಡೆಬಿಡದೆ ಮಾತಾಡುತ್ತಿದ್ದ.

ಇಡೀ ಆಫೀಸಿನಲ್ಲಿ ಜೀವಕಳೆ ಇದ್ದದ್ದು ಒಂದೇ ಜಾಗದಲ್ಲಿ: ಮೂಲೆಯ ಕಿಟಕಿಯ ಪಕ್ಕದ ಡೆಸ್ಕು. ಅದರಾಚೆ ಹೊಸ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಡ್ರಿಲ್ಲು, ಸುತ್ತಿಗೆ, ಕಾಂಕ್ರೀಟ್ ಮಿಕ್ಸರು, ಹಿಂದೆ ಸರಿಯುವ ಲಾರಿಯ ಕೀಂ ಕೀಂ. ಅಲ್ಲಿ ಕೂರಿಸಿದ ಇಬ್ಬರು ಒಂದೊಂದು ವಾರಕ್ಕೇ ಓಡಿಹೋಗಿದ್ದರು. ಪಂಚಾಕ್ಷರಿ ಆ ಖಾಲಿ ಕುರ್ಚಿಯನ್ನು ದಿನಾ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಆದರೆ ಜಾಗ ಬದಲಿಸಲು ಫಾರಂ ತುಂಬಬೇಕು, ಫಾರಂನಲ್ಲಿ ಕಾರಣ ಎಂಬ ಕಾಲಂ ಇದೆ. ಅದೂ ಅಲ್ಲದೆ, ಕೆಲಸಕ್ಕೆ ಅರ್ಜಿ ಹಾಕುವಾಗ ಗಣಪತಿ "ಕಿವಿ ಕಂಪ್ನಿ ಕಣಯ್ಯ, ಸೈಲೆನ್ಸ್ ಇಷ್ಟ ಅಂತ ಬರಿ" ಎಂದಿದ್ದ, ಇವನು ಬರೆದಿದ್ದ. ಬರೆದವನು ಈಗ ಡ್ರಿಲ್ಲಿನ ಪಕ್ಕ ಜಾಗ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು?

ಹತ್ತು ಗಂಟೆಗೆ ಅರವತ್ತರಲ್ಲಿ ಎರಡು ಟೆಸ್ಟು ಮುಗಿದಿದ್ದವು. ಆ ನಿಶ್ಶಬ್ದದಲ್ಲಿ ಅವನಿಗೆ ಬೇಡದ್ದೆಲ್ಲ ಕೇಳಿಸುತ್ತಿತ್ತು: ಗ್ಯಾವಿನ್ ಎಂಜಲು ನುಂಗಿದ್ದು, ಗೋಡೆಯ ಗಡಿಯಾರ ತನ್ನ ವೀಸಾ ಎಣಿಸುತ್ತಿದ್ದದ್ದು. ಗೊತ್ತಿಲ್ಲದೆಯೇ ಎರಡು ಪೆನ್ಸಿಲ್ ಹಿಡಿದು ಮೇಜಿನ ಮೇಲೆ ಡೋಲು ಬಾರಿಸತೊಡಗಿದ್ದ. ಏಳು ಜನ ಹೆಡ್‌ಫೋನ್ ತೆಗೆದು ಅವನ ಕಡೆ ತಿರುಗಿದರು. ಗಣಪತಿ ಎದ್ದೇ ಬಂದ.

"ಏನಯ್ಯಾ, ಒದ್ದಾಡ್ತಿದೀಯ?"

"ಕೆಲ್ಸ ಓಡ್ತಿಲ್ಲ ಸಾರ್. ತಲೆ ಒಂಥರಾ ಆಗ್ತಿದೆ."

"ಗೊತ್ತಾಯ್ತು ಬಿಡು. ಮೈಂಡ್ ತುಂಬಾ ಗಲಾಟೆ. ಬಾ ನನ್ ಜೊತೆ."

ಬೇಡ ಎನ್ನುವುದರೊಳಗೆ ಗಣಪತಿ ಅವನ ರಟ್ಟೆ ಹಿಡಿದು ಟೆಸ್ಟಿಂಗ್ ಬೂತಿಗೆ ಕರೆದೊಯ್ದ. ಕಿವಿಯ ಯಂತ್ರವನ್ನು ಪರೀಕ್ಷಿಸಲು ಕಟ್ಟಿದ ಕೋಣೆ ಅದು. ಒಂದಡಿ ದಪ್ಪದ ಗೋಡೆ, ಒಂದು ಕುರ್ಚಿ, ಒಂದು ಮೇಜು, ಅಂಗೈಯಗಲದ ಗಾಜು. ಯಂತ್ರಕ್ಕೆ ತೊಂದರೆಯಾಗುತ್ತದೆಂದು ಫೋನು, ರೇಡಿಯೊ, ಹೆಡ್‌ಫೋನು ಯಾವುದನ್ನೂ ಒಳಗೆ ಬಿಡುತ್ತಿರಲಿಲ್ಲ. "ಹತ್ತು ನಿಮಿಷ ಕೂತ್ಕೊ. ಮಾತು ಬೆಳ್ಳಿ, ಮೌನ ಬಂಗಾರ," ಎಂದು ಗಣಪತಿ ಬಾಗಿಲು ಹಾಕಿದ.

ಮೊದಲ ನಿಮಿಷದಲ್ಲಿ ಪಂಚಾಕ್ಷರಿಗೆ ತನ್ನ ಎದೆ ಬಡಿತ ಕೇಳಿಸಿತು. ಎರಡನೆಯದರಲ್ಲಿ ಹೊಟ್ಟೆಯೊಳಗೆ ಬೆಳಗಿನ ಉಪ್ಪಿಟ್ಟು ಕೆಳಗಿಳಿಯುವುದು ಕೇಳಿಸಿತು. ನಾಲ್ಕನೆಯ ನಿಮಿಷಕ್ಕೆ ಅವನು ಬೆವರು ಸುರಿಸುತ್ತ ಹೊರಬಿದ್ದು, ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲಿಳಿದು ಸೀದಾ ಬೀದಿಗೆ ನಡೆದ. ಬೂತಿನ ಮುಂದೆ ಕಾವಲಿದ್ದ ಗಣಪತಿ ಇದನ್ನು ನೋಡಿ ತಲೆಯಾಡಿಸಿದ. ಬಂಗಾರವನ್ನೇ ತಡೆದುಕೊಳ್ಳಲಾಗದಷ್ಟು ಪಾಪ ಈ ಹುಡುಗನ ತಲೆ ಕೆಟ್ಟಿದೆ ಎಂದು ಅವನಿಗೆ ಖಾತ್ರಿಯಾಯಿತು.

ಪಂಚಾಕ್ಷರಿ ಹೋದದ್ದು ಪಕ್ಕದ ಸೈಟಿಗೆ. ಬೇಲಿಗೆ ಒರಗಿ, ಲ್ಯಾಪ್‌ಟಾಪನ್ನು ಸಿಮೆಂಟಿನ ಚೀಲದ ಮೇಲಿಟ್ಟುಕೊಂಡು ಕೂತ. ಡ್ರಿಲ್ಲು ಶುರುವಾಯಿತು. ಆಹಾ, ತಲೆಯೊಳಗೆ ದೀಪ ಹತ್ತಿದಂತಾಯಿತು. ಹದಿನೈದು ನಿಮಿಷದಲ್ಲಿ ಐದು ಟೆಸ್ಟು. ಆರನೆಯದಕ್ಕೆ ಕೈಹಾಕಿದಾಗ ಹಳದಿ ಟೋಪಿಯ ಮೇಸ್ತ್ರಿ ಬಂದು ನಿಂತ. "ಮೇಟ್, ಹೆಲ್ಮೆಟ್ ಇಲ್ಲದೆ ಇಲ್ಲಿ ಕೂರುವ ಹಾಗಿಲ್ಲ. ಅಷ್ಟಕ್ಕೂ ಇಲ್ಲಿ ಏನು ಮಾಡುತ್ತಿದ್ದೀಯ?" ಎಂದ. ಇಮೇಲ್ ಓದುತ್ತಿದ್ದೇನೆ ಎಂದು ಪಂಚಾಕ್ಷರಿ ಡ್ರಿಲ್ಲಿನ ಮೇಲೆ ಕಿರುಚಿದ. ಮೇಸ್ತ್ರಿ ಅವನನ್ನು ಕೈಹಿಡಿದು ರಸ್ತೆ ದಾಟಿಸಿದ.

ಲಿಫ್ಟಿನ ಬಳಿ ಟ್ರೇಸಿ ಸಿಕ್ಕಳು. ಕಂಪನಿಯಲ್ಲಿ ನೌಕರರ ಕ್ಷೇಮ ನೋಡಿಕೊಳ್ಳುವುದು ಅವಳ ಉದ್ಯೋಗ; ಯಾರಾದರೂ ದುಃಖದಲ್ಲಿದ್ದರೆ ಮಾತ್ರ ಅವಳ ಮುಖದಲ್ಲಿ ಕಳೆ.

"ಲ್ಯಾಪ್‌ಟಾಪ್ ಹಿಡಿದು ಹೊರಗೆ ಹೋಗಿದ್ದೆಯಾ? ಎಲ್ಲ ಸರಿ ಇದೆ ತಾನೇ?"

ಡ್ರಿಲ್ಲು ಕೇಳಲು ಹೋಗಿದ್ದೆ ಎನ್ನಲು ಪಂಚಾಕ್ಷರಿಗೆ ನಾಚಿಕೆಯಾಯಿತು. ಪ್ರೊಬೇಷನ್ನಿನ ಕೊನೆಯ ದಿನ ಹುಚ್ಚನೆನಿಸಿಕೊಳ್ಳುವುದಕ್ಕಿಂತ ಒಂದು ಸಣ್ಣ ಸುಳ್ಳು ವಾಸಿ ಎನಿಸಿತು. "ಒಳಗೆ ಸ್ವಲ್ಪ ಗಲಾಟೆ ಅನ್ನಿಸಿತು, ಅದಕ್ಕೆ," ಎಂದ.

ಪೆನ್ಸಿಲ್ ಬಿದ್ದರೂ ಕೇಳುವ ಆಫೀಸಿನ ಗಲಾಟೆಯಿಂದ ತಪ್ಪಿಸಿಕೊಂಡು ಡ್ರಿಲ್ಲಿನ ಬೀದಿಗೆ ಯಾರಾದರೂ ಹೋಗುತ್ತಾರೆಯೇ ಎಂದು ಅವಳು ಕೇಳಬಹುದಿತ್ತು. ಕ್ಷೇಮ ನೋಡಿಕೊಳ್ಳುವವರು ಕೇಳುವುದಿಲ್ಲ, ಬರೆದುಕೊಳ್ಳುತ್ತಾರೆ. ಟ್ರೇಸಿ ಬರೆದುಕೊಂಡಳು.

ಹನ್ನೆರಡೂವರೆಗೆ ಏಳು ಟೆಸ್ಟು ಮುಗಿದು ಐವತ್ತಮೂರು ಉಳಿದಿದ್ದವು. ಪಂಚಾಕ್ಷರಿ ಮಾನ ಬಿಟ್ಟು ಮಾಲವಿಕಾಳ ಮುಂದೆ ಹೋಗಿ ನಿಂತ.

"ಮಾಲವಿಕಾ, ನಿಮ್ಮ ಹೆಡ್‌ಫೋನ್ ಇವತ್ತೊಂದಿನ ಕೊಡ್ತೀರಾ? ನನ್ನದು ಹಾಳಾಗೋಯ್ತು."

"ತಗೊಳ್ಳಿ. ಆರ್ವೊ ಪೂರ್ತಿ ನಂಗೆ ಮೀಟಿಂಗೇ ಇದೆ." ಮಧ್ಯಾಹ್ನಕ್ಕೆ ಇಲ್ಲಿಯವರು ಹೇಳುವ ಆ ಮಾತನ್ನು ಅವಳು ಬಂದ ತಿಂಗಳೊಳಗೇ ರೂಢಿಸಿಕೊಂಡಿದ್ದಳು. "ಸೂಪರ್ ನಾಯ್ಸ್ ಕ್ಯಾನ್ಸಲಿಂಗ್ ಕಣ್ರೀ. ಹಾಕ್ಕೊಂಡ್ರೆ ಸುಡುಗಾಡು ಮೌನ."

ಆ ಕೊನೆಯ ಮಾತಿಗೆ ಪಂಚಾಕ್ಷರಿಯ ಬೆನ್ನಲ್ಲಿ ಚಳಿ ಎದ್ದಿತು. ಬೇಗ ಫೋನಿಗೆ ಸಿಕ್ಕಿಸಿ ಯೂಟ್ಯೂಬಿನಲ್ಲಿ ಹುಡುಕಿದ. ದಾವಣಗೆರೆಯ ಯಾರೋ ಗೊತ್ತಿಲ್ಲದವರ ಮದುವೆ, ಮೂರು ಗಂಟೆಯ ಪೂರ್ತಿ ವಿಡಿಯೊ, ನೋಡಿದವರು ನಲವತ್ತೊಂದು ಜನ. ಒತ್ತಿದ. ನಾಗಸ್ವರದ ಮೊದಲ ಎಳೆಗೇ ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಡೋಲು ಬಂತು, ಮೈಕಿನಲ್ಲಿ ಯಾರೋ "ಬೀಗರು ತಿಂಡಿಗೆ ಬರಬೇಕು" ಎಂದರು, ಮಗುವೊಂದು ಕಿರ್ರೆಂದು ಅತ್ತಿತು. ಮರಳುಗಾಡಿನಲ್ಲಿ ಬಾವಿ ಸಿಕ್ಕಿದಂತಾಯಿತು ಅವನಿಗೆ.

ಕೆಲಸವೆಂದರೆ ಕೆಲಸ. ಒಂದೂವರೆಗೆ ಮೂವತ್ತು ಟೆಸ್ಟು, ಎರಡೂ ಕಾಲಿಗೆ ಐವತ್ತೆಂಟು. ಬ್ರಿಸ್ಬೇನಿನವರು ಎರಡು ತಿಂಗಳಿಂದ ಹುಡುಕುತ್ತಿದ್ದ ಒಂದು ದೋಷವೂ ಈ ಓಟದಲ್ಲಿ ಕೈಗೆ ಸಿಕ್ಕಿತು. ಖುಷಿಗೆ ಅವನು ಸುಮತಿ ಕಟ್ಟಿಕೊಟ್ಟಿದ್ದ ಡಬ್ಬಿ ತೆರೆದ. ಅರಿಶಿನ ಹಾಕಿ ಒಗ್ಗರಣೆ ಕೊಟ್ಟ ಖಾರದ ಕಡ್ಲೆಪುರಿ. ಒಂದು ಹಿಡಿ ತೆಗೆದುಕೊಂಡ. ಇದು ತನ್ನ ಮದುವೆಯ ರೆಕಾರ್ಡಿಂಗ್ ಅಲ್ಲ, ಇದರಲ್ಲಿ ಏನನ್ನೂ ಕತ್ತರಿಸಿಲ್ಲ ಎಂಬುದು ಅವನಿಗೆ ಮರೆತೇಹೋಗಿತ್ತು.

ಅದೇ ಹೊತ್ತಿಗೆ ಗ್ರೇಮ್ ಮತ್ತು ಟ್ರೇಸಿ ಒಂದು ಫೈಲು ಹಿಡಿದು ಅವನ ಮೇಜಿನ ಮುಂದೆ ಅಕ್ಕಪಕ್ಕ ಬಂದು ನಿಂತರು. ಗ್ರೇಮ್ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಬಾಯಿ ತೆರೆದ. ದಾವಣಗೆರೆಯಲ್ಲಿ ಪುರೋಹಿತರೂ ಬಾಯಿ ತೆರೆದರು.

"ಗಟ್ಟಿಮೇಳ, ಗಟ್ಟಿಮೇಳ."

ಪಂಚಾಕ್ಷರಿ ಎದ್ದುನಿಂತ. ಬಲಗೈ ಮೇಲೆದ್ದಿತು, ಬೆರಳು ಬಿಚ್ಚಿತು. ಹಳದಿ ಕಡ್ಲೆಪುರಿ ಆ ಇಬ್ಬರ ತಲೆಯ ಮೇಲೂ ಸಮವಾಗಿ ಬಿತ್ತು. ಒಂದು ಒಣಮೆಣಸಿನಕಾಯಿ ಗ್ರೇಮ್‌ನ ಕನ್ನಡಕಕ್ಕೆ ಸಿಕ್ಕಿಕೊಂಡಿತು, ಕರಿಬೇವಿನ ಎಲೆಯೊಂದು ಟ್ರೇಸಿಯ ಬೈತಲೆಯಲ್ಲಿ ಕೂತಿತು. ಇಬ್ಬರಿಗೂ ಬೇರೆ ಬೇರೆ ಕಡೆ ಸಂಸಾರ ಇತ್ತು. ಡೋಲು ಜೋರಾಗಿದ್ದರಿಂದ ಅಭ್ಯಾಸಬಲದಲ್ಲಿ ಪಂಚಾಕ್ಷರಿಯ ಕೈ ಡಬ್ಬಿಗೆ ಹೋಗಿ ಇನ್ನೊಂದು ಹಿಡಿ ಎರಚಿತು. ಆಮೇಲೆ ಅವನು ಕಣ್ಣು ಬಿಟ್ಟು ನೋಡಿದ.

ಹೆಡ್‌ಫೋನ್ ತೆಗೆದಾಗ ಆಫೀಸಿನಲ್ಲಿ ಎಂದಿನ ಮೌನವೇ ಇತ್ತು. ಈಗ ಅದಕ್ಕೊಂದು ಅರ್ಥ ಬಂದಿತ್ತು.

"ಪಂಚ್," ಎಂದ ಗ್ರೇಮ್, ಮೆಣಸಿನಕಾಯಿ ಬಿಡಿಸಿಕೊಳ್ಳುತ್ತ. ಪೂರ್ತಿ ಹೆಸರು ಹೇಳಲು ಅವನು ಆರು ತಿಂಗಳಿಂದ ಪ್ರಯತ್ನಿಸಿರಲಿಲ್ಲ. "ಇದು ಯಾಕೆ?"

ಪಂಚಾಕ್ಷರಿಯ ಮುಂದೆ ಸತ್ಯ ಇತ್ತು. ಗದ್ದಲ ಇಲ್ಲದೆ ನನಗೆ ಕೆಲಸ ಬಾರದು ಸ್ವಾಮಿ, ಗದ್ದಲದಲ್ಲಿ ಕೂರಿಸಿ ನೋಡಿ ಎಂದರೆ ಮುಗಿಯುತ್ತಿತ್ತು. ಅವನು ಬಾಯಿ ತೆರೆದ. ಅಷ್ಟರಲ್ಲಿ, ಕರೆಯದೆ ಬರುವ ಗುಣವುಳ್ಳ ಗಣಪತಿ ಬಂದ.

"ನಾನು ವಿವರಿಸುತ್ತೇನೆ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. "ಇವನಿಗೆ ಶಬ್ದದ ತೊಂದರೆ. ಬೆಳಗ್ಗಿನಿಂದ ನೋಡುತ್ತಿದ್ದೇನೆ. ತಡೆಯಲಾರದೆ ಮೇಜು ಬಡಿದ. ನಾನೇ ಬೂತಿನಲ್ಲಿ ಕೂರಿಸಿದೆ. ಅಲ್ಲಿಂದ ಹೊರಗೆ ಬಂದ ಕೂಡಲೇ ಇಲ್ಲಿಯ ಗಲಾಟೆ ತಡೆಯದೆ ಬೀದಿಗೆ ಓಡಿದ."

"ನನ್ನ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನನ್ನೂ ಇಸಕೊಂಡ," ಎಂದಳು ಮೀಟಿಂಗಿನಿಂದ ಇಣುಕಿದ ಮಾಲವಿಕಾ, ಪಾಪ, ಸಹಾಯವಾಗಲಿ ಎಂದು.

"ಒಳಗೆ ಗಲಾಟೆ ಅಂತ ನನ್ನ ಹತ್ತಿರವೇ ಹೇಳಿದ," ಎಂದಳು ಟ್ರೇಸಿ. ಅವಳ ಮುಖದಲ್ಲಿ ಕಳೆ ಬಂದಿತ್ತು. ಬರೆದುಕೊಂಡದ್ದನ್ನು ತೋರಿಸಿದಳು.

ಗಣಪತಿ ಪಂಚಾಕ್ಷರಿಯ ಕಿವಿಯಲ್ಲಿ ಪಿಸುಗುಟ್ಟಿದ. "ಹೂಂ ಅನ್ನಯ್ಯ. ಎರಡು ಹಿಡಿ ಎರಚಿದೀಯ ಮ್ಯಾನೇಜರ್ ತಲೆ ಮೇಲೆ. ಹುಷಾರಿಲ್ಲ ಅಂದ್ರೆ ಬಿಡ್ತಾರೆ, ಹುಷಾರಿದೀನಿ ಅಂದ್ರೆ ವಿಮಾನ ಹತ್ತಿಸ್ತಾರೆ."

ಮೂರು ಸಾಕ್ಷಿ, ಒಂದು ಲಿಖಿತ ದಾಖಲೆ. ಪಂಚಾಕ್ಷರಿಗೆ ವೀಸಾ ಕಣ್ಣ ಮುಂದೆ ಬಂತು, ವೀಸಾದ ಹಿಂದೆ ಸುಮತಿ ಬಂದಳು. ಅವನು ಹೂಂ ಎಂದ. ಗ್ರೇಮ್ ಅವನ ಭುಜ ತಟ್ಟಿ, ತಲೆ ಕೊಡವಿಕೊಂಡು ಹೋದ. ಉಳಿದ ಎರಡು ಟೆಸ್ಟನ್ನು ಮುಗಿಸಿ, ಮೂರಕ್ಕೆ ಒಂದು ನಿಮಿಷ ಇರುವಾಗ ಪಂಚಾಕ್ಷರಿ ರಿಪೋರ್ಟ್ ಕಳಿಸಿದ.

ನಾಲ್ಕು ಗಂಟೆಗೆ ಗ್ರೇಮ್‌ನ ಕೋಣೆಯಲ್ಲಿ ಮನೆದೇವರಿಗೆ ಹರಕೆ ಹೊತ್ತು ಕೂತ.

"ನೇರ ವಿಷಯಕ್ಕೆ ಬರುತ್ತೇನೆ," ಎಂದ ಗ್ರೇಮ್. "ಬ್ರಿಸ್ಬೇನಿನವರು ಆ ದೋಷ ಸಿಕ್ಕಿತೆಂದು ಕುಣಿಯುತ್ತಿದ್ದಾರೆ. ನಿನ್ನ ಕೆಲಸ ಖಾಯಂ."

ಪಂಚಾಕ್ಷರಿಗೆ ಅಳು ಬಂದಿತು. ಹರಕೆಯನ್ನು ಮನಸ್ಸಿನಲ್ಲೇ ಎರಡರಷ್ಟು ಮಾಡಿದ.

"ಇನ್ನೊಂದು ಮಾತು. ಇದನ್ನು ಹೇಳಲು ನನಗೇ ನಾಚಿಕೆ." ಗ್ರೇಮ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಇವತ್ತು ಮಧ್ಯಾಹ್ನ ನಾನೂ ಟ್ರೇಸಿಯೂ ನಿನ್ನ ಹತ್ತಿರ ಬಂದದ್ದು ಕ್ಷಮೆ ಕೇಳಲು. ಪರ್ತ್ ಆಫೀಸಿನಿಂದ ಒಬ್ಬರು ಬರುತ್ತಿದ್ದಾರೆ, ಅವರಿಗೆ ನಿನ್ನ ಜಾಗ ಬೇಕಿತ್ತು. ಖಾಲಿ ಇದ್ದದ್ದು ಆ ಕಿಟಕಿಯ ಡೆಸ್ಕು ಒಂದೇ. ಇನ್ನೂ ಎರಡು ವರ್ಷ ಅಲ್ಲಿ ಡ್ರಿಲ್ಲು ನಿಲ್ಲುವುದಿಲ್ಲ. ನಾಳೆಯಿಂದ ನಿನ್ನನ್ನು ಅಲ್ಲಿ ಕೂರಿಸೋಣ ಅಂತ ಕಾಗದಕ್ಕೆ ಸಹಿಯೂ ಹಾಕಿಬಿಟ್ಟಿದ್ದೆ."

ಪಂಚಾಕ್ಷರಿ ಕುರ್ಚಿಯ ಅಂಚಿಗೆ ಸರಿದ. "ಆ ಕಿಟಕಿ... ಪರವಾಗಿಲ್ಲ. ನಾನು ಹೊಂದಿಕೊಳ್ಳುತ್ತೇನೆ," ಎಂದ. ಮತ್ತೆ, "ನಿಜವಾಗಿಯೂ ಪರವಾಗಿಲ್ಲ," ಎಂದ.

ಗ್ರೇಮ್‌ನ ಕಣ್ಣು ತೇವವಾಯಿತು. "ಇಷ್ಟು ಕಷ್ಟದಲ್ಲೂ ಬೇರೆಯವರ ಅನುಕೂಲ ನೋಡುತ್ತೀಯಲ್ಲ. ಇಲ್ಲ ಮೇಟ್, ನಾವು ಅಷ್ಟು ಕಟುಕರಲ್ಲ. ಆ ಡೆಸ್ಕಿಗೆ ಗಣಪತಿಯನ್ನು ಹಾಕಿದ್ದೇನೆ. ಅವನ ಮನಸ್ಸು ಗಟ್ಟಿ, ಶಿಬಿರಕ್ಕೆಲ್ಲ ಹೋಗಿದ್ದಾನೆ. ನಿನಗೆ ಕಂಪನಿಯಲ್ಲೇ ಅತ್ಯಂತ ಶಾಂತವಾದ ಜಾಗ ಕೊಟ್ಟಿದ್ದೇವೆ. ನಾಳೆಯಿಂದ ಟೆಸ್ಟಿಂಗ್ ಬೂತು ನಿನ್ನದು, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ."

ಸುಮತಿ ಸುದ್ದಿ ಕೇಳಿ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದಳು, ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ "ನಮ್ಮ ಮನೆಯವರಿಗೆ ಪ್ರತ್ಯೇಕ ಕ್ಯಾಬಿನ್" ಎಂದು ಹಾಕಿದಳು. ಎಂಬತ್ತಮೂರು ಜನ ಕೈಮುಗಿದರು.

ಮರುದಿನ ಪಂಚಾಕ್ಷರಿ ಫೋನನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಅಂಗೈಯಗಲದ ಗಾಜಿನಾಚೆ ಕಿಟಕಿಯ ಡೆಸ್ಕು ಕಾಣುತ್ತಿತ್ತು. ಅಲ್ಲಿ ಮೇಜಿನ ಮೇಲಿನ ಲೋಟ ತಾನಾಗಿ ಕುಣಿಯುತ್ತಿತ್ತು, ಗಣಪತಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಇವನನ್ನು ದುರುಗುಟ್ಟಿ ನೋಡುತ್ತಿದ್ದ. ಪಂಚಾಕ್ಷರಿ ಡಬ್ಬಿಯಿಂದ ಒಂದು ಹಿಡಿ ಕಡ್ಲೆಪುರಿ ತೆಗೆದು, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಬಾಯಿಗೆ ಹಾಕಿಕೊಂಡ.

ಸಂಜೆ ಸುಮತಿ ಬಾಗಿಲಲ್ಲೇ ಕೇಳಿದಳು. "ಹೇಗಿತ್ತು ರೀ ಹೊಸಾ ರೂಮು?"

"ಆಷಾಢ ಶುರುವಾಯ್ತು ಕಣೇ."

"ಈಗೆಲ್ಲಿ ಬಂತು ಆಷಾಢ? ಯಾವಾಗ ಮುಗಿಯುತ್ತಂತೆ?"

"ಮುಗಿಯಲ್ಲ," ಎಂದ ಪಂಚಾಕ್ಷರಿ, ಬೂಟು ಬಿಚ್ಚುತ್ತ. "ಪರ್ಮನೆಂಟ್ ಮಾಡಿದಾರೆ."